ಹೆಸರು ಹೇಳಬಾರದ ದೋಣಿ

ಓರೆಸ್ಟ್ ಪಲಮಾರ್‌ಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಾಗಿರಲಿಲ್ಲ. ಕಾಫಿ ತಣ್ಣಗಿದ್ದರೆ ಬರುತ್ತಿತ್ತು, ಬಿಸಿ ಹೆಚ್ಚಾಗಿದ್ದರೂ ಬರುತ್ತಿತ್ತು. ಆದರೆ ಮೈಯೆಲ್ಲ ಉರಿದುಹೋಗುವಂಥ ಸಿಟ್ಟು ಬರುತ್ತಿದ್ದದ್ದು ಒಂದೇ ಒಂದು ಮಾತಿಗೆ. ಆ ಮಾತು ‘ವಾಲೈ’.

ನದಿಯ ಈ ದಡ ಕೆನಡಾ, ಆ ದಡ ಅಮೆರಿಕ. ನಡುವೆ ಒಂದು ಕಬ್ಬಿಣದ ಸೇತುವೆ. ನೀರು ಒಂದೇ, ನೀರಿನಲ್ಲಿರುವ ಮೀನೂ ಒಂದೇ. ಹಳದಿ ಬೆರೆತ ಹಸಿರು ಮೈ, ಗಾಜಿನ ಗೋಲಿಯಂಥ ಕಣ್ಣು, ಹುರಿದರೆ ಬಾಯಲ್ಲಿ ಕರಗುವ ಮಾಂಸ. ಅದನ್ನು ಈ ದಡದವರು ಪಿಕರಲ್ ಎನ್ನುತ್ತಾರೆ, ಆ ದಡದವರು ವಾಲೈ ಎನ್ನುತ್ತಾರೆ. ಮೀನಿಗೆ ಇದರಿಂದ ಆಗಬೇಕಾದ್ದು ಏನೂ ಇಲ್ಲ. ಆದರೆ ಓರೆಸ್ಟ್ ಈ ದಡದ ಪೈನ್ ಲ್ಯಾಂಡಿಂಗ್ ಊರಿನ ಪಿಕರಲ್ ಸಂಘಕ್ಕೆ ಹದಿನಾಲ್ಕು ವರ್ಷಗಳಿಂದ ಅಧ್ಯಕ್ಷ. ಟಿವಿ ನೋಡಿ ನೋಡಿ ಊರಿನವರೇ ವಾಲೈ ವಾಲೈ ಎನ್ನಲು ಶುರುಮಾಡಿದಾಗ ಅವನೊಂದು ನಿಯಮ ತಂದ. ಸಂಘದವರು ಸೇರಿದ ಜಾಗದಲ್ಲಿ ಆ ಮಾತು ಯಾರ ಬಾಯಿಂದ ಬಂದರೂ, ಮೀನು ಹಿಡಿಯುವ ಮೊದಲ ದಿನ ಎಲ್ಲರೂ ನದಿಯ ದಡದಲ್ಲೇ ಹುರಿದು ತಿನ್ನುವ ದಡದೂಟಕ್ಕೆ ಬಂದ ಅಷ್ಟೂ ಮೀನನ್ನು ಅವರೊಬ್ಬರೇ ಸೀಳಿ ಹಸನು ಮಾಡಬೇಕು. ಅದೂ ಮೇ ತಿಂಗಳ ಕೊರೆಯುವ ನೀರಿನಲ್ಲಿ ಕೈಯಿಟ್ಟು.

ಮೊದಲ ವರ್ಷವೇ ಚರ್ಚಿನ ಪಾದ್ರಿ ಸಿಕ್ಕಿಬಿದ್ದ. ಊಟದ ಮುಂಚಿನ ಪ್ರಾರ್ಥನೆಯಲ್ಲಿ ಆ ಮಾತು ಜಾರಿತ್ತು.

“ನಾನು ದೇವರ ಜೊತೆ ಮಾತಾಡ್ತಿದ್ದೆ ಓರೆಸ್ಟ್, ನಿನ್ನ ಜೊತೆ ಅಲ್ಲ” ಎಂದು ಪಾದ್ರಿ ಗೋಗರೆದ.

“ದೇವರು ಈ ದಡಕ್ಕೆ ಬಂದ್ರೆ ಅವನೂ ಪಿಕರಲ್ ಅಂತಾನೇ ಅನ್ನಬೇಕು” ಎಂದು ಓರೆಸ್ಟ್ ಚಾಕುವನ್ನು ಪಾದ್ರಿಯ ಕೈಗಿಟ್ಟ.

ಹೀಗಿರುವಾಗ ಆ ಚಳಿಗಾಲ ಆಚೆಯ ದೇಶ ಈಚೆಯ ದೇಶದ ಸಾಮಾನಿಗೆಲ್ಲ ಸುಂಕ ಹೇರಿತು. ಓರೆಸ್ಟ್‌ಗೆ ಹಬ್ಬ. ಮಾಜಿ ಸೈನಿಕರ ಭವನದಲ್ಲಿ ಸಂಘದ ಸಭೆ ಕರೆದು ಮೇಜು ಗುದ್ದಿದ. ಆಚೆ ದಡದಿಂದ ಸಂಘದವರು ಒಂದು ಮೊಳೆಯನ್ನೂ ತರಕೂಡದು ಎಂದು ಠರಾವು ಮಂಡಿಸಿದ. ಅರವತ್ತು ಕೈಗಳು ಮೇಲೆದ್ದವು. ಅಷ್ಟಕ್ಕೇ ಬಿಡದೆ, ಅವರ ದೋಣಿಗಳಿಗೆ ನಾವೂ ಸುಂಕ ಹಾಕಬೇಕೆಂದು ಅರ್ಜಿ ಬರೆದು, ಹಿಮದಲ್ಲಿ ಮನೆಮನೆ ತಿರುಗಿ ಸಹಿ ಹಾಕಿಸಿ ರಾಜಧಾನಿಗೆ ಕಳಿಸಿದ. ಹುಟ್ಟಿದಾಗಿನಿಂದ ಅವನು ಸರ್ಕಾರಕ್ಕೆ ಬರೆದ ಮೂವತ್ತೆರಡು ಅರ್ಜಿಗಳಲ್ಲಿ ಸರ್ಕಾರ ಕಿವಿಗೆ ಹಾಕಿಕೊಂಡದ್ದು ಇದೊಂದನ್ನೇ.

ಏಪ್ರಿಲ್‌ನಲ್ಲಿ ಹಿಮ ಕರಗುವಾಗ ಅವನ ಹಿತ್ತಿಲ ಕೊಟ್ಟಿಗೆಯ ಮಾಡು ಕುಸಿಯಿತು. ಮಾಡಿನ ಕೆಳಗೆ ಇಪ್ಪತ್ತಾರು ವರ್ಷದ ಅವನ ದೋಣಿಯಿತ್ತು. ಹಿಮ ತೋಡಿ ನೋಡಿದರೆ, ಹೆಂಡತಿ ವರ್ನಾ ಮಡಚಿ ಅಂಚು ಒತ್ತಿದ ಪೈರೋಗಿ ಕಡುಬಿನಂತೆ ದೋಣಿ ಎರಡಾಗಿ ಮಡಚಿಕೊಂಡಿತ್ತು.

ಓರೆಸ್ಟ್ ಅದರ ಪಕ್ಕದಲ್ಲಿ ಹಿಮದ ಮೇಲೆಯೇ ಕೂತುಬಿಟ್ಟ. ಬೈಯಲಿಲ್ಲ. ವರ್ನಾಗೆ ಗಾಬರಿಯಾದದ್ದು ಅದಕ್ಕೇ.

ಮೇ ತಿಂಗಳ ಮೂರನೇ ಶನಿವಾರ ಮೀನು ಹಿಡಿಯಲು ಮೊದಲ ದಿನ. ಅಂದು ಊರಿನ ದೋಣಿಕಟ್ಟೆಯಿಂದ ಮೊದಲು ಹೊರಡುವುದು ಅಧ್ಯಕ್ಷನ ದೋಣಿ. ಅದು ಎಬ್ಬಿಸಿದ ಅಲೆ ಬಂದು ದಡಕ್ಕೆ ತಾಗುವವರೆಗೆ ಉಳಿದವರೆಲ್ಲ ಕಾಯಬೇಕು. ಓರೆಸ್ಟ್ ಮೂವತ್ತು ವರ್ಷ ಕಾಗದದ ಗಿರಣಿಯಲ್ಲಿ ಯಂತ್ರ ರಿಪೇರಿ ಮಾಡಿದವನು. ಅಲ್ಲಿ ಅವನು ಬಂದು ನೋಡದೆ ಒಂದು ಚಕ್ರವೂ ತಿರುಗುತ್ತಿರಲಿಲ್ಲ. ಗಿರಣಿ ಮುಚ್ಚಿ ಹನ್ನೊಂದು ವರ್ಷವಾಯಿತು. ಅವನು ಮುಂದೆ ಹೋಗಿ ಬೇರೆಯವರು ಹಿಂದೆ ಬರುವ ಜಾಗ ಅಂತ ಈ ಭೂಮಿಯ ಮೇಲೆ ಉಳಿದಿದ್ದು ಆ ಒಂದು ಬೆಳಿಗ್ಗೆಯ ಐದು ನಿಮಿಷ. ಅಧ್ಯಕ್ಷನಿಗೆ ಸ್ವಂತ ದೋಣಿ ಇಲ್ಲದಿದ್ದರೆ ಕಾರ್ಯದರ್ಶಿ ಮುಂದೆ ಹೋಗತಕ್ಕದ್ದು. ಕಾರ್ಯದರ್ಶಿ ಗಾರ್ನೆಟ್. ಹದಿನಾಲ್ಕು ವರ್ಷದಿಂದ ಓರೆಸ್ಟನ ಬೆನ್ನು ನೋಡುತ್ತ ದೋಣಿ ನಡೆಸಿದವನು.

ಸುದ್ದಿ ತಿಳಿದ ಮಾರನೇ ದಿನವೇ ಗಾರ್ನೆಟ್ ಬಂದ, ಮುಖದಲ್ಲಿ ಮರಣದ ಮನೆಯ ಗಾಂಭೀರ್ಯ.

“ನನ್ನ ದೋಣೀಲಿ ಹಿಂದಿನ ಸೀಟು ಖಾಲಿ ಇದೆ ಓರೆಸ್ಟ್. ಸಂಕೋಚ ಪಡಬೇಡ. ನಿನಗೋಸ್ಕರ ಮೆತ್ತೆ ಹಾಕಿಸ್ತೀನಿ.”

“ಆ ಮೆತ್ತೆ ನಿನ್ನ ಬಾಯಿಗೆ ತುರುಕ್ಕೋ” ಎಂದು ಓರೆಸ್ಟ್ ಬಾಗಿಲು ಹಾಕಿದ.

ಊರಿನ ದೋಣಿ ಅಂಗಡಿಗೆ ಹೋದರೆ ಅಂಗಡಿಯವನು ಖಾಲಿ ಅಂಗಳ ತೋರಿಸಿದ. “ನಾನು ಮಾರೋ ದೋಣಿನೂ ಆಚೆಯಿಂದಲೇ ಬರೋದು ಮಾರಾಯ. ನಿನ್ನ ಸುಂಕ ಬಂತಲ್ಲ, ಈ ವರ್ಷ ಒಂದನ್ನೂ ತರಿಸಿಲ್ಲ. ಆಗಸ್ಟ್‌ನಲ್ಲಿ ಬಾ, ನೋಡೋಣ. ಆಚೆ ಹೋದ್ರೆ ಎರಡೇ ದಿನದಲ್ಲಿ ಕೊಡ್ತಾರೆ.” ಆಮೇಲೆ ಕಣ್ಣಲ್ಲೇ ನಕ್ಕ. “ಆದ್ರೆ ನೀನು ಹೋಗೋನಲ್ಲ ಬಿಡು.”

ಓರೆಸ್ಟ್ ಅಲ್ಲಿಂದ ಒಂದು ಬಣ್ಣದ ಪುಸ್ತಿಕೆ ಮಾತ್ರ ತಂದ. ಮೂರು ದಿನ ಅದನ್ನು ತಿರುವಿ ಹಾಕಿದ. ನಾಲ್ಕನೇ ದಿನ ಅಡುಗೆಮನೆಗೆ ನುಗ್ಗಿ ಪುಸ್ತಿಕೆಯನ್ನು ವರ್ನಾಳ ಹಿಟ್ಟಿನ ಮೇಲೆಯೇ ಬಿಚ್ಚಿಟ್ಟ.

“ವರ್ನಾ, ಈ ದೋಣಿ ಯಾವುದರಲ್ಲಿ ಮಾಡಿರೋದು ಹೇಳು?”

“ಅಲ್ಯೂಮಿನಿಯಂನಲ್ಲಿ. ಹಿಟ್ಟಿನ ಮೇಲಿಂದ ತೆಗಿ ಅದನ್ನ.”

“ಅಲ್ಯೂಮಿನಿಯಂ ಎಲ್ಲಿಂದ ಬಂತು? ಕ್ವಿಬೆಕ್‌ನಿಂದ! ಕ್ವಿಬೆಕ್ ಯಾವ ದೇಶ? ನಮ್ಮ ದೇಶ! ನಮ್ಮ ಲೋಹ ಕಣೇ! ಅವರು ಒಯ್ದು ಬಗ್ಗಿಸಿದ್ದಾರೆ, ಅಷ್ಟೆ.”

“ಅದಕ್ಕೆ?”

“ಅದಕ್ಕೆ, ಇದು ಕೊಂಡ್ಕೊಳ್ಳೋದಲ್ಲ. ಪರದೇಶದಲ್ಲಿ ಸಿಕ್ಕಿಹಾಕ್ಕೊಂಡಿರೋ ನಮ್ಮದನ್ನ ಮನೆಗೆ ಕರ್ಕೊಂಡು ಬರೋದು.”

ವರ್ನಾ ಲಟ್ಟಣಿಗೆ ನಿಲ್ಲಿಸಲಿಲ್ಲ. “ಹಾಗಾದ್ರೆ ದುಡ್ಡು ಕೊಡದೆ ಕರ್ಕೊಂಡು ಬಾ” ಎಂದಳು.

ಆ ಶನಿವಾರಕ್ಕೆ ನಾಲ್ಕೇ ದಿನ ಉಳಿದಾಗ, ಮಂಗಳವಾರ ಬೆಳಿಗ್ಗೆ ಅವನು ಕಾರು ತೆಗೆದ. ಯಾರಾದರೂ ಕೇಳಿದರೆ ಆಚೆ ದಡದ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದಾನೆ ಎಂದು ಹೇಳಬೇಕೆಂದು ಹೆಂಡತಿಗೆ ತಾಕೀತು ಮಾಡಿದ.

“ನಿನಗಿರೋದು ಕಟ್ಟಿಸಿದ ಹಲ್ಲು. ಅದು ಊರಿಗೆಲ್ಲ ಗೊತ್ತು” ಎಂದಳು ವರ್ನಾ.

ಆಚೆ ದಡದ ಅಂಗಡಿಯವನು ಆರ್ಲೋ. ಎತ್ತರದ, ಮೆತ್ತಗೆ ಮಾತಾಡುವ ಮನುಷ್ಯ. ಎಷ್ಟು ಒರಟಾಗಿ ಮಾತಾಡಿದರೂ ನಕ್ಕು ಕಾಫಿ ಕೊಡುತ್ತಾನೆ. ಜಗಳಕ್ಕೆ ತಯಾರಾಗಿ ಹೋದ ಓರೆಸ್ಟ್‌ಗೆ ಇದು ದೊಡ್ಡ ಕಿರಿಕಿರಿ. ಅಂಗಳದಲ್ಲಿ ದೋಣಿಗಳು ಸಾಲಾಗಿ ನಿಂತಿದ್ದವು. ಅವನು ಅದರಲ್ಲೊಂದನ್ನು ನೋಡಿದ, ಮುಗಿಯಿತು. ಹದಿನೇಳು ಅಡಿ, ಕಡುನೀಲಿ ಬಣ್ಣ, ಒಂದೇ ಒಂದು ರಿವೆಟ್ ಮೊಳೆ ಇಲ್ಲದಂತೆ ಬೆಸೆದ ಮೈ, ಹಿಡಿದ ಮೀನು ಜೀವಂತ ಇರಲೆಂದು ನಡುವೆ ನೀರಿನ ತೊಟ್ಟಿ. ಅವನ ಹಳೆಯ ದೋಣಿಯಲ್ಲಿ ರಿವೆಟ್ಟಿಗೊಂದರಂತೆ ನೀರು ಜಿನುಗುತ್ತಿತ್ತು, ಒಂದು ಕೈಯಲ್ಲಿ ಗಾಳ, ಇನ್ನೊಂದು ಕೈಯಲ್ಲಿ ಕಾಫಿ ಡಬ್ಬ ಹಿಡಿದು ನೀರು ಮೊಗೆಯುತ್ತ ಕೂರಬೇಕಿತ್ತು. ಓರೆಸ್ಟ್ ಹೊಸ ದೋಣಿಯ ಬೆಸುಗೆಯ ಮೇಲೆ ಹೆಬ್ಬೆರಳು ಎಳೆದ. ಮೂವತ್ತು ವರ್ಷ ಬೆಸುಗೆ ನೋಡಿದವನು. ತಪ್ಪು ಹುಡುಕಿದ, ಸಿಗಲಿಲ್ಲ. ಅದಕ್ಕೂ ಸಿಟ್ಟು ಬಂತು.

“ಹೆಸರು ಬರೆಸೋದು ನಮ್ಮ ಕಡೆಯಿಂದ ಉಚಿತ. ಎರಡೂ ಪಕ್ಕ, ದೊಡ್ಡ ಅಕ್ಷರ. ಏನಂತ ಬರೀಲಿ?” ಎಂದ ಆರ್ಲೋ.

“ಪಿಕರಲ್ ಕ್ಯಾಪ್ಟನ್.”

ಆರ್ಲೋನ ಪೆನ್ನು ನಿಂತಿತು. ಆಚೆ ದಡದಲ್ಲಿ ಪಿಕರಲ್ ಎಂದರೆ ಬೇರೆಯೇ ಮೀನು. ಕೋಲಿನಂತೆ ಸಣಕಲು, ಮೈಯೆಲ್ಲ ಮುಳ್ಳು, ಗಾಳಕ್ಕೆ ಸಿಕ್ಕರೆ ಬೈದು ನೀರಿಗೆ ಎಸೆಯುವಂಥದ್ದು. “ಪಿಕರಲ್? ಇಷ್ಟು ಚಂದದ ದೋಣಿಗಾ?”

“ಕಿವಿ ಕೇಳಿಸಲ್ವಾ? ಬರಿ ಅಂದ್ರೆ ಬರಿ.”

“ಆಯ್ತು, ಆಯ್ತು” ಎಂದು ಆರ್ಲೋ ಬರೆದುಕೊಂಡ. ವಯಸ್ಸಾದವರು, ಪಾಪ, ಮೀನಿನ ಹೆಸರು ಮರೆತಿದ್ದಾರೆ ಎನ್ನುವ ಕನಿಕರ ಅವನ ಮುಖದ ಮೇಲಿತ್ತು. ಓರೆಸ್ಟ್ ಅದನ್ನು ಗಮನಿಸದೆ ಬೆಸುಗೆ ನೋಡುತ್ತಿದ್ದ.

ಗುರುವಾರ ಮತ್ತೆ ಹಲ್ಲು ನೋಯಿತು. ಅವನು ಹೋಗುವಷ್ಟರಲ್ಲಿ ದೋಣಿಗೆ ತಲೆಯಿಂದ ಬಾಲದವರೆಗೆ ಬಿಳಿ ಪ್ಲಾಸ್ಟಿಕ್ ಬಿಗಿದು ಕಾರಿನ ಹಿಂದೆ ಕಟ್ಟುವ ಗಾಡಿಯ ಮೇಲೆ ಕೂರಿಸಿದ್ದರು. ದಾರಿಯ ಧೂಳು ತಾಗದಿರಲೆಂದು ಹೊಸ ದೋಣಿಗೆಲ್ಲ ಹಾಗೆ ಮಾಡುತ್ತಾರೆ. ಯಾರ ಕಣ್ಣೂ ಬೀಳುವುದಿಲ್ಲವೆಂದು ಓರೆಸ್ಟ್‌ಗೂ ಅದೇ ಬೇಕಿತ್ತು. ಬಿಚ್ಚಿಸಿ ನೋಡಲಿಲ್ಲ.

“ಹೆಸರಲ್ಲಿ ಒಂದು ಸಣ್ಣ ತಪ್ಪಿತ್ತು. ನಾನೇ ಸರಿ ಮಾಡಿಸಿದೆ” ಎಂದು ಆರ್ಲೋ ಕಣ್ಣು ಮಿಟುಕಿಸಿದ.

ಓರೆಸ್ಟ್ ಶಾಲೆಯಲ್ಲಿ ಕಾಗುಣಿತಕ್ಕೆಂದೇ ಏಟು ತಿಂದು ಬೆಳೆದವನು. ಇದೂ ಅಂಥದ್ದೇ ತಪ್ಪಿರಬೇಕೆಂದು ಬಾಯಿ ಮುಚ್ಚಿಕೊಂಡ.

ಸೇತುವೆಯ ಮೇಲೆ ಕಾರುಗಳ ಸಾಲಿತ್ತು. ಎರಡು ಕಾರು ಮುಂದೆ ಪಾದ್ರಿ. ಅವನ ಕಾರಿನ ಹಿಂದಿನ ಸೀಟಿನಲ್ಲಿ ಹೊಸ ಟೈರುಗಳು ನಾಲ್ಕು, ಸೀಟ್ ಬೆಲ್ಟ್ ಹಾಕಿಕೊಂಡು ಕೂತಿದ್ದವು. ಪಾದ್ರಿ ಕನ್ನಡಿಯಲ್ಲಿ ಓರೆಸ್ಟನನ್ನು ಕಂಡು ಮೆಲ್ಲಗೆ ಸೀಟಿನೊಳಗೆ ಜಾರಿದ. ಓರೆಸ್ಟ್ ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡ.

ಸುಂಕದ ಕಟ್ಟೆಯ ಕಿಟಕಿಯಲ್ಲಿ ಕೂತಿದ್ದವಳು ಜೊಲೀನ್. ಗಾರ್ನೆಟ್‌ನ ಸೊಸೆ.

“ಏನು ತಂದಿದ್ದೀರಿ ಪಲಮಾರ್ ಸಾರ್?”

“ಏನೂ ಇಲ್ಲ.”

ಜೊಲೀನ್ ಕಿಟಕಿಯಿಂದ ಕತ್ತು ಹೊರಗೆ ಹಾಕಿ ಹದಿನೇಳು ಅಡಿಯ ಬಿಳಿ ಗಂಟನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದಳು. “ಹಿಂದೆ ಇರೋದು?”

“ಅದಾ? ಅಲ್ಯೂಮಿನಿಯಂ.”

“ಯಾವ ಆಕಾರದಲ್ಲಿದೆ ಸಾರ್?”

“ದೋಣಿ ಆಕಾರದಲ್ಲಿದೆ.”

“ದೋಣಿ ಆಕಾರದ ಅಲ್ಯೂಮಿನಿಯಂಗೆ ಹೊಸ ಸುಂಕ ಇದೆ” ಎಂದು ಅವಳು ಚೀಟಿ ಬರೆದು ಕೊಟ್ಟಳು. ಅದನ್ನು ನೋಡಿ ಓರೆಸ್ಟನ ಕಿವಿ ಕೆಂಪಾಯಿತು.

“ಯಾವ ಕತ್ತೆ ಹೇಳ್ದ ಈ ಸುಂಕ ಹಾಕೋಕೆ?”

“ಅರ್ಜೀಲಿ ಮೊದಲನೇ ಸಹಿ ನಿಮ್ಮದೇ ಸಾರ್. ನನ್ನ ಹತ್ರ ನೀವೇ ಬಂದು ಸಹಿ ಹಾಕಿಸ್ಕೊಂಡ್ರಿ. ಚಳಿ ಅಂತ ಒಳಗೆ ಕರೆದು ಚಹಾ ಕೊಟ್ಟಿದ್ದೆ.”

ಅವನು ಹಲ್ಲು ಕಚ್ಚಿ ಸುಂಕ ಕಟ್ಟಿದ. ಆಮೇಲೆ ದನಿ ತಗ್ಗಿಸಿದ. “ಜೊಲೀನ್, ನಿಮ್ಮ ಮಾವನಿಗೆ...”

“ಛೆ ಛೆ. ಇಲ್ಲಿಯ ವಿಷಯ ನಾವು ಹೊರಗೆ ಬಾಯಿ ಬಿಡೋ ಹಾಗಿಲ್ಲ.”

ಓರೆಸ್ಟ್ ಉಸಿರು ಬಿಟ್ಟ.

“ಆದ್ರೆ ಸಾರ್, ನಮ್ಮ ಮಾವನ ಅಡುಗೆಮನೆ ಕಿಟಕಿಯಿಂದ ಈ ಸೇತುವೆ ಪೂರ್ತಿ ಕಾಣುತ್ತೆ. ಈಗಲೂ ಅಲ್ಲೇ ನಿಂತಿದ್ದಾರೆ ನೋಡಿ. ಕೈ ಬೀಸ್ತಾ ಇದ್ದಾರೆ.”

ಮನೆಗೆ ಬಂದವನೇ ಗ್ಯಾರೇಜಿನ ಬಾಗಿಲು ಹಾಕಿ ಪ್ಲಾಸ್ಟಿಕ್ ಹರಿದ. ದೋಣಿಯ ಎರಡೂ ಪಕ್ಕದಲ್ಲಿ, ಕಡುನೀಲಿಯ ಮೇಲೆ ಅಚ್ಚಬಿಳಿಯ ಮೊಳದುದ್ದದ ಅಕ್ಷರಗಳಲ್ಲಿ, ವಾಲೈ ಕ್ಯಾಪ್ಟನ್ ಎಂದು ಬರೆದಿತ್ತು.

ಅವನು ಹಾಕಿದ ಕೂಗಿಗೆ ಪಕ್ಕದ ಮನೆಯ ನಾಯಿ ಮಂಚದ ಕೆಳಗೆ ಹೋಯಿತು.

ಮೊದಲು ಉಗುರಿನಿಂದ ಕೆರೆದ. ಬರಲಿಲ್ಲ. ವರ್ನಾಳ ಕೂದಲು ಒಣಗಿಸುವ ಯಂತ್ರ ತಂದು ಬಿಸಿಗಾಳಿ ಬಿಟ್ಟ. ಯಂತ್ರ ಸುಟ್ಟುಹೋಯಿತು, ಅಕ್ಷರ ಕದಲಲಿಲ್ಲ. ಆ ಅಂಗಡಿಯವರು ಬಣ್ಣವನ್ನೂ ಬೆಸುಗೆಯಷ್ಟೇ ನಿಯತ್ತಾಗಿ ಹಾಕಿದ್ದರು. ಶುಕ್ರವಾರ ಬೆಳಿಗ್ಗೆ ತಂತಿಯ ಬ್ರಷ್ಷನ್ನು ಡ್ರಿಲ್ಲಿಗೆ ಸಿಕ್ಕಿಸಿ, ಹಲ್ಲು ಕಚ್ಚಿ, ಒಂದೊಂದೇ ಅಕ್ಷರವನ್ನು ಉಜ್ಜಿದ. ಯಂತ್ರ ರಿಪೇರಿಯವನ ಕೈ, ಗೆರೆ ಆಚೀಚೆ ಹೋಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಿಳಿ ಪೂರ್ತಿ ಹೋಗಿತ್ತು. ಅದರ ಅಡಿಯ ನೀಲಿಯೂ ಹೋಗಿತ್ತು. ಅಕ್ಷರವಿದ್ದ ಜಾಗದಲ್ಲಿ ಅದೇ ಅಕ್ಷರದ ಆಕಾರದಲ್ಲಿ ಬರಿಯ ಅಲ್ಯೂಮಿನಿಯಂ ಫಳಫಳ ಹೊಳೆಯುತ್ತಿತ್ತು.

ವರ್ನಾ ಬಾಗಿಲಲ್ಲಿ ನಿಂತು ನೋಡಿದಳು. “ನಿನ್ನೆ ಬಣ್ಣದಲ್ಲಿ ಬರೆದಿತ್ತು. ಇವತ್ತು ಬೆಳ್ಳೀಲಿ ಬರೆಸಿದ ಹಾಗಾಯ್ತು.”

“ಬಾಯ್ಮುಚ್ಚು.”

“ನಾಳೆ ಹೋಗಿ, ದೋಣಿ ತಂದೆ, ತಪ್ಪಾಯ್ತು ಅಂತ ಹೇಳಿಬಿಡು. ಮುಗಿಯುತ್ತೆ.”

“ಗಾರ್ನೆಟ್ ಮುಂದೆ? ಅದಕ್ಕಿಂತ ನದಿಗೆ ಹಾರ್ತೀನಿ.”

“ಹಾರೋದಾದ್ರೆ ದೋಣಿ ಯಾಕೆ ತಂದೆ?” ಎಂದು ಅವಳು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಸಂಘದ ಎರಡು ಉದ್ದನೆಯ ಬಟ್ಟೆಗಳನ್ನು ತಂದು ಅವನ ಮುಂದೆ ಎಸೆದಳು. ಅವುಗಳ ಮೇಲೆ ‘ಪಿಕರಲ್ ನಮ್ಮದು’ ಎಂದು ಕೆಂಪಿನಲ್ಲಿ ಬರೆದಿತ್ತು. ಓರೆಸ್ಟ್ ಎರಡೂ ಪಕ್ಕಕ್ಕೆ ಒಂದೊಂದನ್ನು ಬಿಗಿದು ಕಟ್ಟಿದ.

ಶನಿವಾರ ಬೆಳಿಗ್ಗೆ ಆಕಾಶ ಶುಭ್ರವಾಗಿತ್ತು. ಮೋಡ ಬರಲೆಂದು ಓರೆಸ್ಟ್ ಹಾರೈಸಿದ್ದ. ಅರವತ್ತು ದೋಣಿಗಳು ಕಟ್ಟೆಯ ಸುತ್ತ ಸೇರಿದ್ದವು. ಹೊಸ ದೋಣಿಯನ್ನು ಎಲ್ಲರೂ ನೋಡಿದರು. ಎಲ್ಲಿಂದ ತಂದೆ ಎಂದು ಒಬ್ಬನೂ ಕೇಳಲಿಲ್ಲ. ಪಾದ್ರಿಯಂತೂ ಆಕಾಶದ ಬಗ್ಗೆ ಬಹಳ ಹೊತ್ತು ಮಾತಾಡಿದ. ಓರೆಸ್ಟ್‌ಗೆ ಧೈರ್ಯ ಬರತೊಡಗಿತು.

ಹೊರಡುವ ಮೊದಲು ಪ್ರತಿ ದೋಣಿಯ ಹೆಸರನ್ನೂ ಅದರ ಯಜಮಾನ ಗಟ್ಟಿಯಾಗಿ ಕೂಗಬೇಕು, ಕಾರ್ಯದರ್ಶಿ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಸಂಜೆ ಯಾರಾದರೂ ವಾಪಸು ಬಾರದಿದ್ದರೆ ಹುಡುಕಲು ಬೇಕಲ್ಲ. ಆರು ವರ್ಷದ ಹಿಂದೆ ಬಿರುಗಾಳಿಗೆ ಸಿಕ್ಕ ಒಂದು ದೋಣಿಯ ಹೆಸರನ್ನು ತಪ್ಪು ಬರೆದು ಅರ್ಧ ದಿನ ಬೇರೆ ಯಾರನ್ನೋ ಹುಡುಕಿದ್ದರು. ಆಗ ಓರೆಸ್ಟ್ ಕೆಂಡಾಮಂಡಲವಾಗಿ ಇನ್ನೊಂದು ನಿಯಮ ತಂದಿದ್ದ. ದೋಣಿಯ ಮೈಮೇಲೆ ಏನು ಬರೆದಿದೆಯೋ ಅದನ್ನೇ, ಅಕ್ಷರ ಬಿಡದೆ, ಕೂಗಬೇಕು. ಕಾರ್ಯದರ್ಶಿ ಕಣ್ಣಾರೆ ನೋಡಿ ಬರೆಯಬೇಕು.

ಗಾರ್ನೆಟ್ ಪುಸ್ತಕ ಬಿಡಿಸಿದ. “ಅಧ್ಯಕ್ಷರ ದೋಣಿ. ಹೆಸರು?”

“ಪಿಕರಲ್ ಕ್ಯಾಪ್ಟನ್!”

“ಎಲ್ಲಿ ಬರೆದಿದೆ? ಬಟ್ಟೆ ಸ್ವಲ್ಪ ಎತ್ತು.”

“ಅಧ್ಯಕ್ಷನ ಮಾತು ಸಾಲದೇನಯ್ಯಾ?”

“ಅಧ್ಯಕ್ಷನ ಮಾತೂ ಸಾಲದು ಅಂತ ನಿಯಮದಲ್ಲೇ ಇದೆ. ನಿನ್ನ ಕೈಬರಹ. ಓದ್ಲಾ?”

ಓರೆಸ್ಟ್ ಸುತ್ತ ನೋಡಿದ. ಅರವತ್ತು ದೋಣಿ ಗಪ್‌ಚಿಪ್. ಅವನು ಗಂಟು ಬಿಚ್ಚಿದ. ಬಟ್ಟೆ ಜಾರಿತು. ಆಗತಾನೇ ಪೈನ್ ಮರಗಳ ಮೇಲೆ ಬಂದ ಸೂರ್ಯನ ಬೆಳಕು ಅಲ್ಯೂಮಿನಿಯಂ ಅಕ್ಷರಗಳ ಮೇಲೆ ನೇರವಾಗಿ ಬಿತ್ತು. ಮುಂದೆ ನಿಂತವರು ಕಣ್ಣಿಗೆ ಕೈ ಅಡ್ಡ ಹಿಡಿದರು.

ಪಾದ್ರಿ “ವಾ...” ಎಂದು ಶುರುಮಾಡಿ, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಹಿಂದೆ ಯಾರದೋ ತುಟಿ ಅಲ್ಲಾಡಿತು, ಹೆಂಡತಿ ತಿವಿದಳು, ನಿಂತಿತು. ಅಷ್ಟು ಜನ ಓದು ಬಲ್ಲವರು, ಅಷ್ಟು ದೊಡ್ಡ ಅಕ್ಷರ, ಓದುವವರಿಲ್ಲ. ಓದಿದವನು ನೂರಾರು ಮೀನು ಸೀಳಬೇಕು.

“ನನ್ನ ಕನ್ನಡಕ ಮನೇಲೇ ಉಳೀತು” ಎಂದ ಗಾರ್ನೆಟ್. ಕನ್ನಡಕ ಅವನ ಮೂಗಿನ ಮೇಲೇ ಇತ್ತು. “ಯಾರಾದ್ರೂ ಓದ್ರಪ್ಪಾ. ಯಾರೂ ಇಲ್ವಾ? ಹಾಗಾದ್ರೆ ನೀನೇ ಕೂಗು ಓರೆಸ್ಟ್. ಕೂಗ್ದೆ ಇದ್ರೆ ಪುಸ್ತಕದಲ್ಲಿ ಹೆಸರಿಲ್ಲ, ಹೆಸರಿಲ್ಲದ ದೋಣಿ ಹೊರಡೋ ಹಾಗಿಲ್ಲ. ನಾನು ಮುಂದೆ ಹೋಗ್ತೀನಿ, ಬೇಜಾರಿಲ್ಲ.”

ಗಾರ್ನೆಟ್‌ನ ದೋಣಿಯ ಎಂಜಿನ್ ಆಗಲೇ ಗುರುಗುಡುತ್ತಿತ್ತು. ಓರೆಸ್ಟನ ಕಿವಿ ಆ ಸದ್ದಿಗೆ ನೆಟ್ಟಗಾಯಿತು. ಗಾರ್ನೆಟ್‌ನ ಹಳೇ ಎಂಜಿನ್ ಕೆಮ್ಮುತ್ತಿತ್ತು, ಇದು ಬೆಕ್ಕಿನಂತೆ ಗುರುಗುಟ್ಟುತ್ತಿದೆ. ನೋಡಿದರೆ ಎಂಜಿನ್ನಿಗೆ ಹೊದಿಸಿದ್ದು ಹಳೇ ಹೊದಿಕೆ, ಅದರಡಿಯಿಂದ ಇಣುಕುತ್ತಿದ್ದುದು ಹೊಚ್ಚಹೊಸ ಕಪ್ಪು. ತಯಾರಕರ ಹೆಸರಿನ ಮೇಲೆ, ಕೆನಡಾದ ಬಾವುಟದಲ್ಲಿರುವಂಥ ಕೆಂಪು ಮೇಪಲ್ ಎಲೆಯ ಚೀಟಿ ಅಂಟಿಸಿತ್ತು. ಓರೆಸ್ಟ್ ಪಕ್ಕದ ದೋಣಿ ನೋಡಿದ. ಹೊಸ ಗಾಳ, ಅದರ ಹಿಡಿಗೂ ಎಲೆ. ಅದರಾಚೆ ಹೊಸ ಜೀವರಕ್ಷಕ ಅಂಗಿಗಳು, ಎದೆಯ ಮೇಲೆ ಎಲೆ. ಆ ವಸಂತದಲ್ಲಿ ಊರಿನ ಮರಗಳಿಗಿಂತ ಮೊದಲು ಊರಿನ ಸಾಮಾನುಗಳು ಚಿಗುರಿದ್ದವು.

“ಗಾರ್ನೆಟ್, ಆ ಎಂಜಿನ್...” ಎಂದು ಓರೆಸ್ಟ್ ಬಾಯಿ ತೆರೆದ. ಅರವತ್ತು ದೋಣಿಗಳಲ್ಲಿ ಕೂತವರೆಲ್ಲ ನೀರು ನೋಡತೊಡಗಿದರು.

“ಅದೆಲ್ಲ ಆಮೇಲೆ!” ಎಂದ ಗಾರ್ನೆಟ್ ಅವಸರದಲ್ಲಿ. “ಹೊತ್ತಾಯ್ತು. ಹೆಸರು ಹೇಳ್ತೀಯೋ ಇಲ್ವೋ?”

ಎಲ್ಲರ ಹೊದಿಕೆಯನ್ನೂ ಎಳೆದು ಹಾಕಬಹುದಿತ್ತು. ಆಮೇಲೆ ಒಬ್ಬನೂ ಹೊರಡುತ್ತಿರಲಿಲ್ಲ. ಹಿಂದೆ ಬರುವವರೇ ಇಲ್ಲದಿದ್ದರೆ ಮುಂದೆ ಹೋಗಿ ಮಾಡುವುದೇನು? ಓರೆಸ್ಟ್ ದೋಣಿಯಲ್ಲಿ ಎದ್ದು ನಿಂತ. ಎದೆಯ ತುಂಬ ಗಾಳಿ ಎಳೆದುಕೊಂಡ.

“ವಾಲೈ ಕ್ಯಾಪ್ಟನ್!”

ಆ ಮಾತು ನೀರಿನ ಮೇಲೆ ಹೋಗಿ ಆಚೆ ದಡಕ್ಕೆ ಬಡಿದು ವಾಪಸು ಬಂತು. ಕಟ್ಟೆಯ ಮೇಲೆ ವರ್ನಾ ಒಬ್ಬಳೇ ಚಪ್ಪಾಳೆ ತಟ್ಟಿದಳು. ಗಾರ್ನೆಟ್ ಅಕ್ಷರ ಬಿಡದೆ ಬರೆದುಕೊಂಡ. ಓರೆಸ್ಟ್ ಎಂಜಿನ್ ತಿರುಗಿಸಿದ, ಹಿಂದಕ್ಕೆ ನೋಡಲಿಲ್ಲ. ಅವನ ಅಲೆ ಬಂದು ದಡಕ್ಕೆ ತಾಗುವವರೆಗೆ ಐವತ್ತೊಂಬತ್ತು ದೋಣಿಗಳು ಕಾದವು. ದೋಣಿಯೊಳಗೆ ಒಂದು ಹನಿ ನೀರು ಬರಲಿಲ್ಲ.

ಮಧ್ಯಾಹ್ನ ದಡದೂಟದ ಬಂಡೆಯ ಮೇಲೆ ಅವನು ಕೂತಿದ್ದ. ಪಕ್ಕದಲ್ಲಿ ನಾಲ್ಕು ತೊಟ್ಟಿ ಮೀನು. ಬೆರಳುಗಳು ಮರಗಟ್ಟಿದ್ದವು. ಮೇಲೆ ಒಲೆ ಉರಿಯುತ್ತಿತ್ತು, ಬಾಣಲೆಯಲ್ಲಿ ಕೊಬ್ಬು ಚುರುಗುಡುತ್ತಿತ್ತು, ಜನ ಆಲೂಗಡ್ಡೆ ಹೆಚ್ಚುತ್ತ ಕಿಸಕಿಸ ನಗುತ್ತಿದ್ದರು. ಗಾರ್ನೆಟ್ ಬಂದು ಒಂದು ಮೆತ್ತೆ ಕೊಟ್ಟು ಹೋದ. ಓರೆಸ್ಟ್ ಅದನ್ನು ನೀರಿಗೆ ಎಸೆದ. ಐದು ನಿಮಿಷ ಬಿಟ್ಟು ಯಾರೂ ನೋಡದಾಗ ಹೆಕ್ಕಿಕೊಂಡು ಬಂದು, ಹಿಂಡಿ, ಅದರ ಮೇಲೆ ಕೂತ.

ಅಷ್ಟರಲ್ಲಿ ಆಚೆಯಿಂದ ಒಂದು ದೋಣಿ ಬಂತು. ಆರ್ಲೋ. ಗಿರಾಕಿಗೆ ಹೊಸ ದೋಣಿ ಹೇಗಿದೆಯೆಂದು ವಿಚಾರಿಸಲು ಬಂದಿದ್ದ. ಆ ಒಳ್ಳೆಯತನದಲ್ಲೂ ಅವನಿಗೆ ಕೊರತೆಯಿರಲಿಲ್ಲ. ದೂರದಿಂದಲೇ ಕೈಯೆತ್ತಿ ಕೂಗಿದ, “ಏನಪ್ಪಾ, ವಾಲೈ ಕ್ಯಾಪ್ಟನ್!”

ಬಂಡೆಯ ಮೇಲಿನ ನಗು ನಿಂತಿತು. ಒಂದು ಕ್ಷಣ ಬಿಟ್ಟು ಮೊದಲಿಗಿಂತ ಜೋರಾಗಿ ಶುರುವಾಯಿತು. ಓರೆಸ್ಟನ ಮುಖ ಆ ದಿನದಲ್ಲಿ ಮೊದಲ ಸಲ ಅರಳಿತು. ಇನ್ನೊಂದು ಚಾಕು ಎತ್ತಿ ತೋರಿಸಿದ.

“ಬಾ, ಕೂತ್ಕೋ.”

ನಿಯಮವನ್ನು ಕೇಳಿ ಆರ್ಲೋ ತಲೆ ಕೆರೆದುಕೊಂಡ. “ನಾನು ನಿಮ್ಮ ಸಂಘದವನಲ್ವಲ್ಲ?”

“ಬಂಡೆ ಸಂಘದ್ದು. ಕೂತ್ಕೋ ಅಂದ್ರೆ ಕೂತ್ಕೋ.”

ಆರ್ಲೋ ನಕ್ಕು ತೋಳು ಮಡಚಿ ಕೂತ. ಓರೆಸ್ಟ್ ಒಂದು ಮೀನು ಮುಗಿಸುವಷ್ಟರಲ್ಲಿ ಎರಡು ಮುಗಿಸಿದ. ಒಂದು ಮುಳ್ಳಿಲ್ಲ, ಒಂದು ಚೂರು ಮಾಂಸ ವ್ಯರ್ಥವಿಲ್ಲ. ಓರೆಸ್ಟ್ ಒಂದನ್ನು ಎತ್ತಿ ಬೆಳಕಿಗೆ ಹಿಡಿದು ತಪ್ಪು ಹುಡುಕಿದ. ಸಿಗಲಿಲ್ಲ.

“ಅದು ಸರಿ, ಹೆಸರಿಗೆ ಏನು ಮಾಡಿದ್ದೀಯ?” ಎಂದು ಆರ್ಲೋ ದೋಣಿಯತ್ತ ಗದ್ದ ತೋರಿಸಿದ. “ಅಷ್ಟು ಚಂದದ ಬಿಳಿ ಅಕ್ಷರ. ಎಲ್ಲಾ ಕೆರೆದು ಹಾಕಿದ್ದೀಯಲ್ಲ.”

“ಕೆರೆದಿಲ್ಲ” ಎಂದ ಓರೆಸ್ಟ್. “ಅದು ನಮ್ಮ ಅಲ್ಯೂಮಿನಿಯಂ. ನಿಮ್ಮ ಬಣ್ಣದ ಒಳಗೆ ಉಸಿರುಕಟ್ಟಿ ಕೂತಿತ್ತು. ಹೊರಗೆ ಬಂದಿದೆ.”

ಆರ್ಲೋ ಚಾಕು ಒರೆಸಿ ದೋಣಿಯತ್ತ ತಿರುಗಿದ.

“ಬಂದು ಏನು ಹೇಳ್ತಿದೆ, ಓದು ಮತ್ತೆ” ಎಂದ.

ಓರೆಸ್ಟ್ ಬಾಯಿ ತೆರೆದ. ತೊಟ್ಟಿಯಲ್ಲಿ ಉಳಿದ ಮೀನನ್ನು ನೋಡಿದ. ಬಾಯಿ ಮುಚ್ಚಿಕೊಂಡು ಮುಂದಿನ ಮೀನು ಎತ್ತಿಕೊಂಡ.